ಹುಳಕ್ಕೆ ಜಡ್ಡು ಹಚ್ಚುವ ನೌಕರಿ

ಹುಳುಗಳಿಗೆ ಜಡ್ಡು ಹಚ್ಚುವುದು ನನ್ನ ನೌಕರಿ ಎಂದು ಯಾರಿಗಾದರೂ ಹೇಳಿದೆನೋ, ಆ ದಿನ ಒಂದು ಫಜೀತಿ ಆಗಲೇಬೇಕು. ಎಂಬತ್ತರ ದಶಕದ ಪುಣೆಯಲ್ಲಿ ಇದು ತಪ್ಪಿದ್ದೇ ಇಲ್ಲ. ಧಾರವಾಡದಿಂದ ಮದುವೆಯಾಗಿ ಬಂದವಳು ನಾನು. ಶಿವಾಜಿನಗರದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಕಡಲೆ ಬೆಳೆಯ ಕಾಯಿಕೊರಕ ಹುಳು ಎಂಥ ವಿಷ ಹೊಡೆದರೂ ಜಗ್ಗದಂತಾಗಿತ್ತು. ಆ ಹುಳುವಿಗೆ ಮಾತ್ರ ತಗಲುವ ಒಂದು ವೈರಸ್ ಉಂಟು. ನಾವು ಹುಳು ಸಾಕಿ, ಅದಕ್ಕೆ ವೈರಸ್ ತಿನ್ನಿಸಿ, ಸತ್ತ ಹುಳುಗಳನ್ನು ಅರೆದು ಸೋಸಿ, ಆ ನೀರನ್ನು ಹೊಲಕ್ಕೆ ಹೊಡೆಯುತ್ತಿದ್ದೆವು. ಇಷ್ಟೇ. ಇದರಲ್ಲಿ ನಗುವಂಥದ್ದು ಏನಿದೆ? ಊರೆಲ್ಲ ನಗುತ್ತಿತ್ತು, ನಾನಂತೂ ನಗುತ್ತಿರಲಿಲ್ಲ. ಕೆಳಗಿನ ಮಾತೆಲ್ಲ ನಡೆದದ್ದು ಮರಾಠಿಯಲ್ಲಿ. ಆದರೆ ನನಗೆ ಸಿಟ್ಟು ಬರುವುದು ಧಾರವಾಡದ ಕನ್ನಡದಲ್ಲಿ, ಅದಕ್ಕೇ ಹಾಗೆಯೇ ಹೇಳುತ್ತೇನೆ.

ನಳದ ಪಾಳಿ

ಸದಾಶಿವ ಪೇಠದ ಒಂದು ಹಳೇ ವಾಡೆಯಲ್ಲಿ ನಮ್ಮವು ಎರಡು ಕೋಣೆ. ಅಂಗಳದಲ್ಲಿ ಎಲ್ಲ ಬಿಡಾರಕ್ಕೂ ಸೇರಿ ಒಂದೇ ನಳ. ಒಂದು ಮಳೆಗಾಲ ಇಡೀ ವಾಡೆ ನೆಗಡಿ ಹಿಡಿದು ಮಲಗಿತು. ಮನೆಯ ಮಾಲಕಿ ನೆಟ್ಟಗೆ ನನ್ನ ಬಾಗಿಲಿಗೆ ಬಂದರು.

“ಆಫೀಸಿನಿಂದ ವೈರಸ್ ತಂದೀರಿ ನೀವು. ಇನ್ನ ಮ್ಯಾಲೆ ಎಲ್ಲಾರೂ ನೀರು ತುಂಬಿದ ಮ್ಯಾಲೆ ನಿಮ್ಮ ಪಾಳಿ.”

“ಅದು ಹುಳದ ವೈರಸ್ ರೀ. ಮನಶ್ಯಾರಿಗೆ ತಗಲೂದಿಲ್ಲ. ನೋಡ್ರಿ, ದಿನಾ ಅದರಾಗ ಕೈ ಹಾಕೋ ನಾನ ಗಟ್ಟಿ ಇದ್ದೀನಿ!”

“ಅದಕ್ಕ ಅಂದೆ. ಎಲ್ಲಾರಿಗೂ ಹಂಚಿ ನೀವು ಗಟ್ಟಿ ಇದ್ದೀರಿ.”

ಎಲ್ಲರೂ ತುಂಬಿಕೊಂಡ ಮೇಲೆ ನಳದಲ್ಲಿ ಬರುವುದು ಗಾಳಿ ಮಾತ್ರ. ಕೊಡ ಹಿಡಿದುಕೊಂಡು ಹಲ್ಲು ಕಡಿಯುತ್ತ ನಿಲ್ಲುತ್ತಿದ್ದೆ. ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಅದೇ ಮಾಲಕಿ ಆಚೀಚೆ ನೋಡುತ್ತ ಒಳಗೆ ಬಂದು ಪಿಸುಗುಟ್ಟಿದರು: “ಮಂಚದಾಗ ತಗಣಿ ಭಾಳ ಆಗ್ಯಾವ. ನಿಮ್ಮ ವೈರಸ್ ಒಂದು ಬಟ್ಟಲ ಕೊಡ್ರಿ.”

“ತಗಣಿಗೆ ಅದು ಏನೂ ಮಾಡೂದಿಲ್ರಿ.”

ಮಾಲಕಿಯ ಮುಖ ಕೆಂಪಾಯಿತು. “ಒಂದು ತಗಣಿ ಸಾಯಿಸಲಿಕ್ಕೆ ಆಗದ ವೈರಸ್ ಇಟ್ಟುಕೊಂಡು ಇಷ್ಟು ದಿನ ನಮ್ಮನ್ನ ಹೆದರಿಸಿದ್ರೇನು?”

ಬಸ್ಸಿನಲ್ಲಿ ಬಾಟ್ಲಿ

ಹಡಪಸರದ ಆಚೆ ಒಬ್ಬ ರೈತರ ಹೊಲಕ್ಕೆ ವೈರಸ್ ನೀರು ಒಯ್ಯಬೇಕಿತ್ತು. ಆಫೀಸಿನ ಜೀಪು ಸಾಹೇಬರ ಹೆಂಡತಿಯನ್ನು ಅರಿಷಿಣ–ಕುಂಕುಮಕ್ಕೆ ಕರೆದುಕೊಂಡು ಹೋಗಿತ್ತು. ಬಾಟ್ಲಿ ಚೀಲದಲ್ಲಿಟ್ಟುಕೊಂಡು ಸಿಟಿ ಬಸ್ಸು ಹತ್ತಿದೆ. ಸತ್ತ ಹುಳು ಅರೆದ ನೀರು ಹೇಗೆ ನಾರುತ್ತದೆಂದು ಹೇಳಲಾರೆ. ಎರಡು ಸ್ಟಾಪು ದಾಟುವುದರೊಳಗೆ ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ. ಏನದು ಎಂದ. ಹುಳದ ನೀರು ಎಂದೆ. ಸೀಟಿ ಊದಿ ಅಲ್ಲೇ ಇಳಿಸಿಬಿಟ್ಟ.

ನಿಜ ಹೇಳಿದ್ದಕ್ಕೆ ಈ ಶಿಕ್ಷೆ! ಮುಂದಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ಕೇಳಿದಾಗ, ಹುಟ್ಟಿದಾಗಿನಿಂದ ಮೀನು ಮುಟ್ಟದ ನಾನು, “ಒಣ ಮೀನು” ಅಂದೆ.

ಆಕೆ ಚೀಲಕ್ಕೇ ಮೂಗು ಹಚ್ಚಿ ಜೋರಾಗಿ ಮೂಸಿ, ನನ್ನ ಭುಜ ತಟ್ಟಿ ಮರುಗಿದಳು. “ಅಂಗಡಿಯವ ನಿಮಗ ಮೋಸ ಮಾಡ್ಯಾನರಿ ಬಾಯೋರ. ಇದು ಭಾಳ ಹಳೇದು.”

ಶೀರ್ಷಾಸನ

ಆ ವೈರಸ್ ಬಿಸಿಲಿಗೆ ತಡೆಯುವುದಿಲ್ಲ, ಅದಕ್ಕೆ ಸಂಜೆಯೇ ಹೊಡೆಯಬೇಕು. ಹುಳು ಆಸೆಪಟ್ಟು ತಿನ್ನಲೆಂದು ಬೆಲ್ಲ ಬೆರೆಸುತ್ತಿದ್ದೆವು. ಬಿಸಿಲಿನಿಂದ ಕಾಪಾಡಲೆಂದು ಬಟ್ಟೆಗೆ ಹಾಕುವ ನೀಲಿಯನ್ನೂ ಕಲಸುತ್ತಿದ್ದೆವು. ಹಡಪಸರದ ಆಚೆಯ ಆ ರೈತರ ತಾಯಿ ಕಟ್ಟೆಯ ಮೇಲೆ ಕೂತು ಎಲ್ಲ ನೋಡಿ, “ಬಾಯೋರು ಹುಳಕ್ಕ ಊಟಾ ಹಾಕಿ ಅರಿವಿನೂ ಒಗದು ಕೊಡ್ತಾರ ಕಾಣಸ್ತದ” ಅಂದರು. ಸಹಿಸಿಕೊಂಡೆ.

ಎರಡೇ ದಿನಕ್ಕೆ ರೈತರು ಪ್ರಯೋಗಾಲಯಕ್ಕೆ ಬಂದರು. ಊಟದ ಡಬ್ಬಿ ತೆಗೆದು ನನ್ನ ಮೇಜಿನ ಮೇಲೆ ಹುಳು ಸುರಿದರು. “ನೋಡ್ರಿ, ಇನ್ನೂ ತಿನ್ನಾಕತ್ತಾವ!”

“ಇದು ವಿಷ ಅಲ್ರಿ, ಜಡ್ಡು. ಒಂದು ವಾರ ಹಿಡೀತದ.”

“ನನಗ ಜ್ವರ ಬಂದ್ರ ರೊಟ್ಟಿ ಸೇರೂದಿಲ್ಲ. ಇವು ಗಿಡಾನ ಖಾಲಿ ಮಾಡಾಕತ್ತಾವಲ್ರಿ!”

ಹಿಂದಿನ ಸುಗ್ಗಿಯಲ್ಲಿ ವಿಷದ ಮೇಲೆ ವಿಷ ಹೊಡೆದೂ ಬೆಳೆ ಕಳೆದುಕೊಂಡವರು ಅವರು. ಅವರ ಸಿಟ್ಟು ಸುಳ್ಳಲ್ಲ, ನನ್ನ ಸಿಟ್ಟೂ ಸುಳ್ಳಲ್ಲ. ಆ ವಾರ ನನಗೂ ಅನ್ನ ಸೇರಲಿಲ್ಲ. ವಾರ ತುಂಬುವ ಹೊತ್ತಿಗೆ ಹೋಗಿ ನೋಡಿದರೆ, ಈ ಜಡ್ಡಿನಲ್ಲಿ ಆಗುವ ಹಾಗೆಯೇ, ಹುಳುಗಳೆಲ್ಲ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ಜೋತು ಸತ್ತಿದ್ದವು. ರೈತರು ಕೈ ಮುಗಿದರು. ನನ್ನ ಎದೆ ಉಬ್ಬಿತು.

ಮರುದಿನ ಪಕ್ಕದ ಹಳ್ಳಿಯ ನಾಲ್ಕು ಮಂದಿ ಪ್ರಯೋಗಾಲಯದ ಗೇಟಿನಲ್ಲಿ ನಿಂತು ಕಾವಲುಗಾರನನ್ನು ಕೇಳುತ್ತಿದ್ದರು: “ಹುಳಕ್ಕ ಶೀರ್ಷಾಸನ ಕಲಿಸೋ ಬಾಯೋರು ಇಲ್ಲೇ ಇರ್ತಾರೇನು?”

ಸಾಹೇಬರ ಜಿರಳೆ

ಆಡಳಿತ ನೋಡಿಕೊಳ್ಳುವ ನಮ್ಮ ಸಾಹೇಬರ ಮೇಜಿನ ಡ್ರಾದಿಂದ ಒಂದು ದಿನ ಜಿರಳೆ ಹೊರಬಿತ್ತು. ಕೂಡಲೇ ಔಷಧ ಹೊಡೆಯುವ ಕಂತ್ರಾಟದಾರನಿಗೆ ಕರೆ ಹೋಯಿತು. ನಾನು ಓಡಿಹೋಗಿ, “ಹುಳ ಸಾಕೋ ಕೋಣಿಗೆ ಮಾತ್ರ ಹೊಡೀಬ್ಯಾಡ್ರಿ” ಎಂದು ಬೇಡಿಕೊಂಡೆ. ಸಾಹೇಬರು ಆಗಲಿ ಎಂದು ಕತ್ತು ಅಲ್ಲಾಡಿಸಿದರು. ಭಾನುವಾರ ಕಂತ್ರಾಟದಾರನಿಗೆ ಆ ಕೋಣೆಯ ಬೀಗದ ಕೈಯನ್ನೂ ಕೊಟ್ಟುಬಿಟ್ಟರು.

ವಿಷಕ್ಕೆ ಸಾಯದ ಹುಳು ವೈರಸ್ಸಿಗೆ ಸಾಯುತ್ತದೋ ಇಲ್ಲವೋ ನೋಡಲೆಂದು ಹೊಲಹೊಲ ಅಲೆದು ಆರಿಸಿ ತಂದ ಹುಳುಗಳು ಅವು. ಒಂದನ್ನೊಂದು ತಿನ್ನುತ್ತವೆಂದು ಒಂದೊಂದಕ್ಕೂ ಒಂದೊಂದು ಶೀಸೆ. ಆ ಸುಗ್ಗಿಯ ದುಡಿಮೆಯೆಲ್ಲ ಆ ಕೋಣೆಯಲ್ಲಿತ್ತು.

ಸೋಮವಾರ ಬೆಳಿಗ್ಗೆ ಹೋದರೆ ಪಡಸಾಲೆ ತುಂಬ ಜಿರಳೆಗಳು ಅಂಗಾತ ಬಿದ್ದಿದ್ದವು. ನನ್ನ ಕೋಣೆಯಿಂದ ಘಾಟು. ಒಳಗೆ ಹೋದರೆ, ಚಲೋ ತಾಗಲಿ ಎಂದು ಶೀಸೆಗಳ ಹತ್ತಿಯ ಬಿರಡೆ ಕೂಡ ತೆಗೆದು ಹೊಡೆದಿದ್ದಾರೆ! ಒಂದು ಶೀಸೆ ಎತ್ತಿದೆ. ಹುಳು ಕಚಕಚ ತಿನ್ನುತ್ತಿತ್ತು. ಇನ್ನೊಂದು. ಅದೂ ತಿನ್ನುತ್ತಿತ್ತು. ಒಂದೂ ಸತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಖುಷಿಗೋ ಘಾಟಿಗೋ ತಿಳಿಯಲಿಲ್ಲ.

ಉರಿಯುತ್ತ ಸಾಹೇಬರ ಕೋಣೆಗೆ ನುಗ್ಗಿದೆ. ಕಂತ್ರಾಟದಾರ ಅಲ್ಲೇ ಇದ್ದ. “ಬಾಯೋರ, ನನ್ನ ಬಿಲ್ಲಿಗೆ ಇಲ್ಲೊಂದು ಸಹಿ ಮಾಡ್ರಿ. ನಿಮ್ಮ ಕೋಣ್ಯಾಗಿನ ಹುಳ ಎಲ್ಲಾ ಸತ್ತಾವ ಅಂತ.”

“ಒಂದೂ ಸತ್ತಿಲ್ಲ! ಬಾ, ನೋಡು!”

ಮೂವರೂ ಹೋದೆವು. ಕಂತ್ರಾಟದಾರ ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಮರ್ಯಾದೆಯೇ ಹೋದಂತಾಯಿತು. “ಇವಕ್ಕ ಏನು ತಿನ್ನಿಸ್ತೀರಿ?”

“ಕಡಲಿ ಹಿಟ್ಟು, ಯೀಸ್ಟು, ವಿಟಮಿನ್.”

“ವಿಟಮಿನ್! ಮತ್ತ ಎಲ್ಲಿಂದ ಸಾಯ್ತಾವರಿ? ನನ್ನ ಮಕ್ಕಳಿಗೂ ನಾ ವಿಟಮಿನ್ ಕೊಟ್ಟಿಲ್ಲ!”

ಸಾಹೇಬರಿಗೆ ಬೇಸರ ಬಂತು. “ಇರಲಿ, ಸಹಿ ಮಾಡಿಬಿಡ್ರಿ.”

“ಜೀವಂತ ಹುಳಕ್ಕ ಸತ್ತಾವ ಅಂತ ನಾ ಸಹಿ ಮಾಡೂದಿಲ್ರಿ.”

ಸಾಹೇಬರು ಗದ್ದ ಕೆರೆದುಕೊಂಡರು. “ಹೆಂಗೂ ಇವನ್ನ ನೀವು ಸಾಯಿಸವರ ಇದ್ರಿ, ಹೌದಲ್ಲೋ?”

“ಹೌದ್ರಿ, ವೈರಸ್ ತಿನ್ನಿಸಿ.”

“ಎಷ್ಟು ದಿನ ಹಿಡೀತದ?”

“ಒಂದು ವಾರ.”

ಸಾಹೇಬರ ಮುಖ ಅರಳಿತು. ಕಂತ್ರಾಟದಾರನ ಬೆನ್ನು ತಟ್ಟಿ ಹೇಳಿದರು: “ಕೇಳಿದೇನು? ಮುಂದಿನ ಸೋಮವಾರ ಬಾ. ಅಷ್ಟರಾಗ ಬಾಯೋರು ನಿನ್ನ ಕೆಲಸ ಮುಗಿಸಿ ಇಟ್ಟಿರ್ತಾರ.”