ಬೀರುವಿನಲ್ಲಿ ಕೂಗಿದ ಹುಂಜ

ಅಂದು ಬೆಳಿಗ್ಗೆ ಆ ಹುಂಜ ಬಾರದೆ ಇದ್ದಿದ್ದರೆ ಜಾವೀರ ಕಿಗೋಜಿ ಸಂಜೆಯೊಳಗೆ ನಮ್ಮ ಗುಡ್ಡದ ಆಸ್ಪತ್ರೆಯ ಖಾಯಂ ಆಡಳಿತಾಧಿಕಾರಿಯಾಗಿಬಿಡುತ್ತಿದ್ದ. ಎರಡು ವರ್ಷದಿಂದ ಅವನು ಹಂಗಾಮಿ. ಆ ಪದ ಒದ್ದೆ ಅಂಗಿಯಂತೆ ಅವನ ಮೈಗೆ ಅಂಟಿಕೊಂಡಿತ್ತು.

ಅದನ್ನು ಕಳಚಿ ಎಸೆಯುವುದಕ್ಕೆಂದೇ ಅವನು ಆಸ್ಪತ್ರೆಗೆ ನೀತಿ ಕಲಿಸಲು ಹೊರಟ. ಅದುವರೆಗೆ ನಮ್ಮಲ್ಲಿ ಜ್ವರ ಬಿಟ್ಟವನು ಮೊಟ್ಟೆ ತರುತ್ತಿದ್ದ, ಹೆರಿಗೆಯಾದ ಮನೆಯವರು ಬಾಳೆಗೊನೆ ಹೊತ್ತು ತರುತ್ತಿದ್ದರು. ಸಂಜೆ ಡಾಕ್ಟರುಗಳು ಮನೆಗೆ ಹೊರಟರೆ ಮಸಾಕಾ ಪಟ್ಟಣದ ಸಂತೆ ಈಗಷ್ಟೇ ಮುಗಿಯಿತೇನೋ ಅನ್ನಿಸುತ್ತಿತ್ತು. "ಗೊನೆ ತಂದವರ ಮಗೂನ ಮೊದಲು ನೋಡ್ತಾರೆ, ಬರಿಗೈಲಿ ಬಂದವರು ಬಿಸಿಲಲ್ಲಿ ಕೂತಿರ್ತಾರೆ. ಇದೇನು ಆಸ್ಪತ್ರೆಯೋ, ಹರಾಜುಕಟ್ಟೆಯೋ?" ಎಂದು ಕಿಗೋಜಿ ಕೂಗಾಡಿದ. ಮಾತು ನಿಜವೇ ಆಗಿದ್ದರಿಂದ ಯಾರೂ ಎದುರಾಡಲಿಲ್ಲ.

ಗೇಟಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ಇಲ್ಲಿ ಯಾರೂ ಉಡುಗೊರೆ ಮುಟ್ಟುವುದಿಲ್ಲ' ಎಂದು ಬರೆಸಿದ. ಅದರ ಬೆನ್ನಿಗೇ ಇನ್ನೊಂದು ನಿಯಮ: ಗೇಟಿನ ಬಳಿ ವ್ಯಾಪಾರ ಮಾಡುವವರ ನೆಂಟರು ಆಡಳಿತಾಧಿಕಾರಿಯ ಕುರ್ಚಿಯಲ್ಲಿ ಕೂರುವಂತಿಲ್ಲ. ಇದು ಲೆಕ್ಕಪತ್ರ ವಿಭಾಗದ ಸೆಬುನ್ಯನಿಗೆ ಇಟ್ಟ ಗುರಿ. ಸೆಬುನ್ಯನಿಗೂ ಆ ಕುರ್ಚಿಯ ಮೇಲೆ ಕಣ್ಣಿತ್ತು, ಅವನ ತಮ್ಮನಿಗೆ ಗೇಟಿನೆದುರು ಔಷಧಿ ಅಂಗಡಿಯಿತ್ತು.

ಔಷಧಿ ಅಂಗಡಿಯ ಪಕ್ಕದ್ದು ಮುತ್ಯಾಬನ ಶವಪೆಟ್ಟಿಗೆ ಅಂಗಡಿ. ಮುತ್ಯಾಬ ಒಳ್ಳೆಯ ಬಡಗಿ, ಸದಾ ನಗುಮುಖ. ಕಿಗೋಜಿಯ ತಂಗಿ ಪೆರೆಪೆಟುವಳನ್ನು ಮದುವೆಗೆ ಕೇಳಿದ್ದ, ಅವಳೂ ಒಪ್ಪಿದ್ದಳು. ಆದರೆ ತಂದೆ ತೀರಿಕೊಂಡ ಮನೆ, ಹೆಣ್ಣು ಕೊಡುವ ಮಾತು ಅಣ್ಣನದು. "ಆಸ್ಪತ್ರೆ ನಡೆಸೋನ ತಂಗಿ ಗಂಡ ಬಾಗಿಲಲ್ಲೇ ಪೆಟ್ಟಿಗೆ ಮಾರಿದ್ರೆ ಜನ ಏನಂತಾರೆ? ಒಳಗಿಂದ ಇವನು ಗಿರಾಕಿ ಕಳಿಸ್ತಾನೆ ಅಂತಾರೆ! ನಾನು ಬದುಕಿರೋವರೆಗೂ ಇದು ಆಗಲ್ಲ" ಎಂದು ಕಿಗೋಜಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಮುತ್ಯಾಬ ಬೇಸರ ಮಾಡಿಕೊಳ್ಳಲಿಲ್ಲ. "ನೂರು ವರ್ಷ ಬದುಕಲಿ, ಅವರ ಅಳತೆ ತಗೊಳೋಕೆ ನನಗೇನೂ ಅವಸರ ಇಲ್ಲ" ಎಂದು ನಕ್ಕಿದ್ದ.

ಹೀಗಿರುವಾಗ ಆ ದಿನ ಬಂತು. ಆಡಳಿತ ಮಂಡಳಿಯ ಅಧ್ಯಕ್ಷರಾದ ಫಾದರ್ ಮಟೋವು ಹತ್ತು ಗಂಟೆಗೆ ಬರುವವರಿದ್ದರು. ಶುದ್ಧಹಸ್ತದ ಆಸ್ಪತ್ರೆಯೆಂಬ ಬಿರುದಿನ ಮರದ ಫಲಕ ಆಸ್ಪತ್ರೆಗೆ, ಖಾಯಂ ಕುರ್ಚಿ ಕಿಗೋಜಿಗೆ ಸಿಗಬೇಕಿತ್ತು. ಅವನು ಹೊಸ ಟೈ ಬಿಗಿದುಕೊಂಡು ಕಿಟಕಿಯ ಬಳಿ ನಿಂತಿದ್ದ. ಮುತ್ಯಾಬನ ಅಂಗಡಿಯಲ್ಲಿ ಬಿಳಿಯ ನಿಲುವಂಗಿ ತೊಟ್ಟ ಹಿರಿಯರು ಶವಪೆಟ್ಟಿಗೆಗಳ ಮೇಲೆ ಸಾಲಾಗಿ ಕೂತಿದ್ದರು. ಯಾರೋ ದೊಡ್ಡ ಮನುಷ್ಯರು ಹೋಗಿರಬೇಕು, ಪಾಪ, ಎಂದುಕೊಂಡ.

ಬಾಗಿಲು ತೆರೆಯಿತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿಯೊಬ್ಬಳು ಒಳಗೆ ಬಂದು ಮಂಡಿಯೂರಿ ವಂದಿಸಿದಳು. ಕಂಕುಳಲ್ಲಿ ಕೆಂಪು ಹುಂಜ, ಅದರ ಕಾಲಿಗೆ ಬಾಳೆನಾರು. ಅವಳ ಹಿಂದೆ ವೆರೋನಿಕಾ ಅತ್ತೆ. ಈಕೆ ಕಣ್ಣಿನ ವಾರ್ಡಿನ ಹಿರಿಯ ನರ್ಸು, ಕಿಗೋಜಿಯ ತಂದೆಯ ತಂಗಿ, ಇಡೀ ಆಸ್ಪತ್ರೆಯಲ್ಲಿ ಅವನನ್ನು ಸಾರ್ ಎನ್ನದ ಒಬ್ಬಳೇ ಹೆಂಗಸು.

"ತಗೊಳ್ಳಪ್ಪ. ನಿನ್ನ ಕೈಗೇ ಕೊಡಬೇಕು ಅಂತ ಬಂದೆ" ಎಂದಳು ಅಜ್ಜಿ.

"ಅಜ್ಜಿ, ಗೋಡೆ ಮೇಲೆ ಬರೆದಿರೋದು ನೋಡ್ಲಿಲ್ವಾ?"

"ಕಣ್ಣು ಕಾಣದೋಳಿಗೆ ಗೋಡೆ ಓದು ಅಂತೀಯಲ್ಲೋ!"

"ನಾವು ಏನೂ ತಗೊಳ್ಳೋ ಹಾಗಿಲ್ಲ ಅಜ್ಜಿ. ಮನೆಗೆ ತಗೊಂಡು ಹೋಗಿ."

ಅಜ್ಜಿಯ ಕೆಳದುಟಿ ನಡುಗಿತು. "ನಮ್ಮ ಹುಂಜ ಅಷ್ಟು ಕೀಳಾಯ್ತಾ ಮಗನೇ?" ಎಂದಳು. ಪಟ್ಟಿ ಇಲ್ಲದ ಕಣ್ಣು ತುಂಬಿ ಬಂತು.

"ಏಯ್ ಜಾವೀರ!" ಅತ್ತೆ ಸಿಡಿದಳು. "ಕಣ್ಣಿನ ಪಟ್ಟಿ ಕಾಣಿಸ್ತಿಲ್ವಾ ನಿಂಗೆ? ಅಳಿಸಬೇಡ ಅವರನ್ನ! ಕಣ್ಣಿಗೆ ಏನಾದ್ರೂ ಆದ್ರೆ ಯಾರು ಹೊಣೆ, ನಿನ್ನ ಗೋಡೆನಾ?"

ಕಿಗೋಜಿಗೆ ಪೇಚಾಟಕ್ಕಿಟ್ಟುಕೊಂಡಿತು. ನಿಯಮ ಒಂದು ಕಡೆ, ರೋಗಿಯ ಕಣ್ಣು ಇನ್ನೊಂದು ಕಡೆ. ಕಣ್ಣೇ ದೊಡ್ಡದೆಂದು ಒಂದು ಕೈ ಚಾಚಿದ.

"ಎರಡೂ ಕೈ ಒಡ್ಡೋ, ಮರ್ಯಾದೆ ಇಲ್ವಾ?" ಎಂದಳು ಅತ್ತೆ. ಎರಡೂ ಕೈ ಒಡ್ಡಿದ. ಅಜ್ಜಿ ನಾಲಿಗೆ ಹೊರಳಿಸಿ 'ಯಿಯಿಯಿಯಿ' ಎಂದು ಸಂಭ್ರಮದ ಕೂಗು ಹಾಕಿ, ಅವಳ ವಯಸ್ಸಿಗೆ ಸಲ್ಲದ ವೇಗದಲ್ಲಿ ಹೊರಟುಹೋದಳು.

ಈಗ ಹುಂಜವೂ ಕಿಗೋಜಿಯೂ ಒಬ್ಬರನ್ನೊಬ್ಬರು ನೋಡುತ್ತ ಉಳಿದರು. ಮೊದಲು ಅದನ್ನು ರೋಗಿಗಳ ಅಡುಗೆಮನೆಗೆ ಒಯ್ದ. ಅಡುಗೆಯವಳು ಬಾಗಿಲಿಗೆ ಅಡ್ಡ ನಿಂತಳು. "ರಸೀದಿ ಇಲ್ದೆ ಒಂದು ಕಲ್ಲು ಉಪ್ಪೂ ಒಳಗೆ ಬಿಟ್ಕೋಬೇಡ ಅಂತ ನೀವೇ ಹೇಳಿದ್ರಲ್ಲ ಸಾರ್. ಎಲ್ಲಿ, ಕೋಳಿ ರಸೀದಿ?"

ವಾಪಸು ಬಂದು ಬಾಳೆನಾರು ಬಿಚ್ಚಿ ಕಿಟಕಿಯಿಂದ ಹಾರಿಬಿಟ್ಟ. ಅವನು ಉಸಿರು ಬಿಡುವುದರೊಳಗೆ ತೋಟದ ಮಾಲಿ ಹುಂಜ ಹಿಡಿದುಕೊಂಡು ಬಂದ. "ಸಾರ್, ನಿಮ್ಮ ಹುಂಜ ತಪ್ಪಿಸ್ಕೊಂಡಿತ್ತು. ಹೆರಿಗೆ ವಾರ್ಡಲ್ಲಿ ಎಲ್ಲರನ್ನೂ ಕೇಳಿದೆ, ಸಾರ್ ಅವರದೇ ಅಂತ ಗೊತ್ತಾಯ್ತು." ಹೀಗೆ ಸುದ್ದಿ ಇಡೀ ಆಸ್ಪತ್ರೆಗೆ ಹರಡಿತು.

ಸುದ್ದಿ ಹೋದ ದಾರಿಯಲ್ಲೇ ಸೆಬುನ್ಯನೂ ಬಂದ. ಬಾಗಿಲಲ್ಲಿ ತಲೆ ತೂರಿಸಿ, "ನನಗೇನೂ ಕಾಣಿಸ್ಲಿಲ್ಲಪ್ಪ. ಆದ್ರೆ ಫಾದರ್ ಕೇಳಿದ್ರೆ ಸುಳ್ಳು ಹೇಳೋಕಾಗುತ್ತಾ? ನೀತಿ ನೀವೇ ಕಲಿಸಿದ್ದು" ಎಂದು ಹಲ್ಲು ಕಿರಿದು ಹೋದ. ಅಷ್ಟರಲ್ಲಿ ಫಾದರ್ ಅವರ ಕಾರು ಗುಡ್ಡ ಹತ್ತುವ ಸದ್ದು ಕೇಳಿಸಿತು. ಕಿಗೋಜಿ ಹುಂಜವನ್ನು ಕಡತದ ಬೀರುವಿಗೆ ನೂಕಿ ಬೀಗ ಹಾಕಿದ.

ಫಾದರ್ ಮಟೋವು ದೊಡ್ಡ ಹೊಟ್ಟೆಯ, ಸಣ್ಣ ಕಣ್ಣಿನ, ಏನನ್ನೂ ಮರೆಯದ ಮನುಷ್ಯರು. ಕಿಗೋಜಿಯ ಕೋಣೆಯಲ್ಲಿ ಮಂಡಳಿಯವರೆಲ್ಲ ತಲೆಬಾಗಿಸಿ ನಿಂತರು. "ಸ್ವಾಮಿ, ಈ ಆಸ್ಪತ್ರೆಯನ್ನು ಆಮಿಷಗಳಿಂದ ದೂರವಿಡು" ಎಂದು ಫಾದರ್ ಪ್ರಾರ್ಥನೆ ಶುರುಮಾಡಿದರು.

"ಕೊಕ್ಕೊಕ್ಕೋ!" ಎಂದಿತು ಬೀರು.

"ಕಿಗೋಜಿ, ಅದೇನು ಹುಂಜವೇ?"

"ಇಲ್ಲ ಫಾದರ್. ಅಡುಗೆಮನೆ ಕಡೆಯದ್ದಿರಬೇಕು."

"ಕೊಕ್ಕೊಕ್ಕೋ!"

"ಬೀರುವಿನೊಳಗಿಂದ ಬಂದ ಹಾಗಿತ್ತಲ್ಲ?"

"ಹಳೇ ಬೀರು ಫಾದರ್. ಬಿಸಿಲೇರಿದ್ರೆ ಕಿರುಗುಟ್ಟುತ್ತೆ."

ಬೀರು ಮತ್ತೊಮ್ಮೆ, ಈ ಸಲ ಬಹಳ ದೀರ್ಘವಾಗಿ ಕಿರುಗುಟ್ಟಿತು. ಫಾದರ್ ಕಣ್ಣು ತೆರೆದರು. "ಮನುಷ್ಯ ಸುಳ್ಳು ಹೇಳೋದು, ಹುಂಜ ಕೂಗೋದು... ಗುರುವನ್ನೇ ಅರಿಯೆ ಅಂತ ಶಿಷ್ಯ ಸುಳ್ಳು ಹೇಳಿದಾಗ ಹುಂಜ ಕೂಗಿತ್ತಲ್ಲ, ಆಗಿನಿಂದ ನಮ್ಮ ಧರ್ಮದಲ್ಲಿ ಇದು ಒಳ್ಳೆ ಲಕ್ಷಣ ಅಲ್ಲ ಕಿಗೋಜಿ."

ಕಿಗೋಜಿಯ ಹೊಸ ಟೈ ಬೆವರಲ್ಲಿ ತೊಯ್ದುಹೋಯಿತು. ಕುರ್ಚಿ ಕೈತಪ್ಪಿತೆಂದು ಅವನು ಕಂಗಾಲಾಗಿ ನಿಂತಿದ್ದಾಗ ಬಾಗಿಲ ಬಳಿ ಇದ್ದ ವೆರೋನಿಕಾ ಅತ್ತೆ ಮುಂದೆ ಬಂದು ಕಿವಿಯಲ್ಲಿ ಪಿಸುಗುಟ್ಟಿದಳು: "ಪೆದ್ದ, ನಿಯಮದಲ್ಲಿ ನೀನೇ ಬರೆದಿದ್ದು ಮರೆತೆಯಾ? ವಾಪಸು ಕೊಡೋಕೆ ಆಗದ್ದನ್ನ ಎಲ್ಲರ ಮುಂದೆ ಒಪ್ಪಿಕೊಂಡು ಸ್ವೀಕರಿಸಿ, ರೋಗಿಗಳ ಅಡುಗೆಗೆ ಕೊಡಬೇಕು ಅಂತ. ಹೊರಗೆ ಜಗಲಿಗೆ ಬಾ. ಗಟ್ಟಿಯಾಗಿ ಹೇಳು. ಬಚ್ಚಿಟ್ಟರೆ ಕಳ್ಳತನ, ಸಾರಿ ಹೇಳಿದರೆ ಪ್ರಾಮಾಣಿಕತೆ."

ಕಿಗೋಜಿಗೆ ಹೋದ ಜೀವ ಬಂದಂತಾಯಿತು. ಬೀರು ತೆರೆದು, ಕಡತಗಳ ಮೇಲೆ ಆದ ಅನಾಹುತವನ್ನು ನೋಡದೆ, ಹುಂಜವನ್ನು ಎತ್ತಿಕೊಂಡು ಜಗಲಿಗೆ ಬಂದ. ರೋಗಿಗಳು, ಅವರ ಮನೆಯವರು, ನರ್ಸುಗಳು, ಮಂಡಳಿಯವರು ಎಲ್ಲ ಅಂಗಳದಲ್ಲಿ ಸೇರಿದ್ದರು. ಬೆಳಗಿನ ಅಜ್ಜಿಯೂ ಮುಂದೆಯೇ ನಿಂತಿದ್ದಳು.

"ಬಂಧುಗಳೇ!" ಎಂದ ಕಿಗೋಜಿ, ಹುಂಜವನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ. "ಈ ಅಜ್ಜಿಯ ಮನೆಯಿಂದ ಬಂದ ಈ ಹುಂಜವನ್ನು ನಾನು, ಜಾವೀರ ಕಿಗೋಜಿ, ನಿಮ್ಮೆಲ್ಲರ ಎದುರಿಗೆ, ಯಾರ ಬಲವಂತವೂ ಇಲ್ಲದೆ, ಸಂತೋಷದಿಂದ ಸ್ವೀಕರಿಸಿದ್ದೇನೆ!"

ಅಂಗಳದ ಹೆಂಗಸರೆಲ್ಲ ಒಟ್ಟಿಗೆ 'ಯಿಯಿಯಿಯಿ' ಎಂದರು. ಗೇಟಿನಾಚೆ ಡೋಲು ಮೊಳಗಿತು. ಪೆಟ್ಟಿಗೆಗಳ ಮೇಲೆ ಕೂತಿದ್ದ ಹಿರಿಯರು ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ಒಳಗೆ ಬಂದರು. ಅವರ ನಡುವೆ ಬಿಳಿ ನಿಲುವಂಗಿಯ ಮೇಲೆ ಕರಿ ಕೋಟು ತೊಟ್ಟ ಮುತ್ಯಾಬ ಕಿವಿಯವರೆಗೂ ನಗುತ್ತಿದ್ದ. ತಲೆನೋವೆಂದು ಮನೆಯಲ್ಲಿ ಮಲಗಿದ್ದ ಪೆರೆಪೆಟುವ ಮಿರಮಿರ ಮಿಂಚುವ ಉಡುಗೆಯಲ್ಲಿ ಅಣ್ಣನ ಮುಂದೆ ಬಂದು ಮಂಡಿಯೂರಿದಳು.

"ಎಲ್ಲರೂ ಕೇಳಿದಿರಾ?" ವೆರೋನಿಕಾ ಅತ್ತೆಯ ದನಿ ಗುಡ್ಡದ ಕೆಳಗಿನವರೆಗೂ ಕೇಳಿಸಿತು. "ಮುತ್ಯಾಬನ ಅಜ್ಜಿ ಹುಂಜ ಕೊಟ್ಟಳು, ಹೆಣ್ಣಿನ ಅಣ್ಣ ಎರಡೂ ಕೈಯಲ್ಲಿ ತಗೊಂಡ!"

ಹೆಣ್ಣಿನ ಅಣ್ಣ ವರನ ಮನೆಯ ಹುಂಜ ತಗೊಂಡನೆಂದರೆ ತಂಗಿಯನ್ನು ಕೊಟ್ಟಾಯಿತು. ನಮ್ಮ ಕಡೆ ಅದರ ಮೇಲೆ ಇನ್ನು ಮಾತಿಲ್ಲ. ಕಿಗೋಜಿಯ ಕೈ ತಲೆಯ ಮೇಲೆಯೇ ಉಳಿಯಿತು, ಅದರ ಮೇಲೆ ಹುಂಜ. ತಂಗಿಯ ಮುಖ ನೋಡಿದ. ಅಷ್ಟು ಖುಷಿಯಾಗಿ ಅವಳನ್ನು ಅವನು ತಂದೆ ಹೋದ ಮೇಲೆ ನೋಡಿರಲಿಲ್ಲ. ಸಿಟ್ಟು ಕರಗಿ, ಹುಂಜವನ್ನು ಮೆಲ್ಲಗೆ ಕೆಳಗಿಳಿಸಿದ.

"ಶುಭವಾಗಲಿ" ಎಂದರು ಫಾದರ್. "ಆದರೆ ಕಿಗೋಜಿ, ಗೇಟಿನ ಬಳಿಯ ವ್ಯಾಪಾರಿಗಳ ನೆಂಟರು ಆ ಕುರ್ಚಿಯಲ್ಲಿ ಕೂರುವಂತಿಲ್ಲ ಅಂತ ನೀನೇ ಬರೆದಿದ್ದೀಯಲ್ಲ? ಬೇರೆಯವರು ಸಿಗುವವರೆಗೆ ಹಂಗಾಮಿಯಾಗಿಯೇ ಇರು." ಸೆಬುನ್ಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಮುತ್ಯಾಬ ಓಡಿಬಂದು ಕಿಗೋಜಿಯ ಕೈ ಹಿಡಿದ. "ಭಾವ, ನನ್ನಿಂದ ನಿಮಗೆ ತೊಂದರೆ ಬೇಡ. ಇವತ್ತಿಂದ ಶವಪೆಟ್ಟಿಗೆ ಮಾಡೋದು ಬಿಟ್ಟೆ!"

"ನಿಜವಾಗ್ಲೂ?" ಕಿಗೋಜಿಯ ಕಣ್ಣರಳಿತು.

"ನಿಮ್ಮಾಣೆ. ಇನ್ನು ಮೇಲೆ ಬರೀ ತೊಟ್ಟಿಲು, ಮಂಚ. ಹೆರಿಗೆ ವಾರ್ಡಿಗೆ ಅಷ್ಟೂ ತೊಟ್ಟಿಲು ನೀನೇ ಮಾಡಿಕೊಡು ಅಂತ ಈಗಷ್ಟೇ ಫಾದರ್ ಹೇಳಿದ್ರು!"

ಗೇಟಿನಾಚೆಯ ವ್ಯಾಪಾರ ಈಗ ಆಸ್ಪತ್ರೆಯ ಒಳಗೇ ಬಂದಿತ್ತು. ಕಿಗೋಜಿ ಮೆಟ್ಟಿಲ ಮೇಲೆ ಕುಸಿದು ಕೂತ.

ಮಧ್ಯಾಹ್ನದ ಹೊತ್ತಿಗೆ ಹುಂಜ ಬಾಳೆಲೆಯ ಪೊಟ್ಟಣದಲ್ಲಿ ಕಡಲೆಕಾಯಿ ಸಾರಿನ ಜೊತೆ ಹಬೆಯಲ್ಲಿ ಬೆಂದು ಬಂತು. ಘಮಕ್ಕೆ ಜ್ವರದವರೂ ಎದ್ದು ಕೂತರು. ಅಜ್ಜಿ ಮೊದಲ ತುಂಡನ್ನು ಹೆಣ್ಣಿನ ಅಣ್ಣನಿಗೇ ತಂದಳು. ಅವನು ಬಾಡಿದ ಮುಖದಲ್ಲಿ ತಲೆಯಾಡಿಸಿದ. "ಸಿಬ್ಬಂದಿ ತಿನ್ನೋ ಹಾಗಿಲ್ಲ ಅಜ್ಜಿ. ಇದು ರೋಗಿಗಳದ್ದು. ನಿಯಮ."

ಅಜ್ಜಿಯ ಕೆಳದುಟಿ ಮತ್ತೆ ನಡುಗಿತು.

"ಜಾವೀರ! ಅಳಿಸಬೇಡ!" ಅತ್ತೆ ಕಿರುಚಿದಳು.

ಕಿಗೋಜಿ ಬಾಯಿ ತೆರೆದ. ಅಜ್ಜಿ ತುಂಡು ಇಟ್ಟಳು. ಎದುರಿಗೇ ಕೂತಿದ್ದ ಫಾದರ್ ಮಟೋವು ನಿಟ್ಟುಸಿರುಬಿಟ್ಟು, ಗೋಡೆಗೆ ಒರಗಿಸಿಟ್ಟಿದ್ದ ಮರದ ಫಲಕವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ಬರುವ ವರ್ಷ ನೋಡೋಣ" ಎಂದು ತಮ್ಮ ಪೊಟ್ಟಣವನ್ನು ಬಿಚ್ಚಿದರು.

"ಹೋಗಲಿ ಬಿಡಿ ಫಾದರ್" ಎಂದ ಕಿಗೋಜಿ, ಅಗಿಯುತ್ತಲೇ. "ಕುರ್ಚಿ ಹೋದ್ರೂ, ಫಲಕ ಹೋದ್ರೂ, ರೋಗಿ ಕಣ್ಣು ಉಳೀತಲ್ಲ. ಅತ್ತೆ, ಈ ಅಜ್ಜಿಗೆ ಆಪರೇಷನ್ ಆಗಿ ಎಷ್ಟು ದಿನ ಆಯ್ತು?"

"ಆಪರೇಷನ್ನಾ?" ಎಂದಳು ಅತ್ತೆ, ಅಜ್ಜಿಯ ಕಣ್ಣಿನ ಪಟ್ಟಿ ಬಿಚ್ಚಿ ಮಡಿಸುತ್ತ. "ಅದು ಇರೋದು ಬರೋ ಸೋಮವಾರ ಕಣೋ. ಪಟ್ಟಿ ಕಟ್ಟಿಕೊಂಡು ಅಭ್ಯಾಸ ಆಗ್ಲಿ ಅಂತ ಇವತ್ತೇ ಕಟ್ಟಿದ್ದೆ."

ಕಿಗೋಜಿ ಬಾಯಲ್ಲಿದ್ದ ತುಂಡು ನುಂಗಿದ. ಆಮೇಲೆ ಟೈ ಸಡಿಲಿಸಿಕೊಂಡು, ಅಜ್ಜಿಯ ಮುಂದೆ ಎರಡೂ ಕೈ ಒಡ್ಡಿದ.

"ಇನ್ನೊಂದು ತುಂಡು ಹಾಕಿ ಅಜ್ಜಿ. ತೊಡೆಯದ್ದು."