ನಡುಮನೆಯ ಟ್ರಾನ್ಸ್‌ಫಾರ್ಮರ್

ಮಧ್ಯಮ ವೋಲ್ಟೇಜ್ ವಿದ್ಯುತ್ ವಿತರಣಾ ಇಲಾಖೆಯಲ್ಲಿ ಅನುಮೋದನೆಗೊಂಡ ನಕ್ಷೆಯೇ ಸತ್ಯ. ಊರು ಅದಕ್ಕೆ ಹೊಂದಿಕೊಂಡಿರತಕ್ಕದ್ದು. ಹೊಂದದಿದ್ದರೆ ಅದು ಊರಿನ ತಪ್ಪು, ನಕ್ಷೆಯದಲ್ಲ. ಇಲಾಖೆಯ ನಕ್ಷೆಗಾರ ಈ ನಿಯಮವನ್ನು ಸೇವೆಗೆ ಸೇರಿದಾಗಿನಿಂದ ಭಯಭಕ್ತಿಯಿಂದ ಪಾಲಿಸಿಕೊಂಡು ಬಂದಿದ್ದ. ಅದು ತನ್ನ ಮನೆಯ ಬಾಗಿಲನ್ನೇ ತಟ್ಟೀತು ಅಂತ ಪಾಪ, ಕನಸಿನಲ್ಲೂ ಎಣಿಸಿರಲಿಲ್ಲ.

ಪಟ್ಟಣದ ಪೂರ್ವಭಾಗಕ್ಕೆ ಹನ್ನೊಂದು ಸಾವಿರ ವೋಲ್ಟಿನ ಹೊಸ ಜಾಲ ಬರುವುದಿತ್ತು. ಕೇಬಲ್ ಯಾವ ಬೀದಿಯ ಅಡಿಯಲ್ಲಿ ಹೋಗಬೇಕು, ಸ್ವಿಚ್ಚು ಯಾವ ಮೂಲೆಯಲ್ಲಿರಬೇಕು, ಎಲ್ಲವನ್ನೂ ನಕ್ಷೆಗಾರ ಕಣ್ಣಲ್ಲಿ ಕಣ್ಣಿಟ್ಟು ಬರೆದ. ಟ್ರಾನ್ಸ್‌ಫಾರ್ಮರ್ ಬರುವ ಜಾಗದಲ್ಲಿ ಒಂದರ ಮೇಲೊಂದು ಅರ್ಧ ಹತ್ತಿದ ಎರಡು ಸುತ್ತು ಹಾಕುವುದು ಅವನ ಕಸುಬಿನ ರೂಢಿ. ಅಂಥ ಜೋಡಿ ಸುತ್ತು ಇಡೀ ನಕ್ಷೆಯಲ್ಲಿ ಇದ್ದದ್ದು ಒಂದೇ, ಮಾರುಕಟ್ಟೆಯ ಹಿಂದಿನ ಖಾಲಿ ಜಾಗದಲ್ಲಿ.

ನಕ್ಷೆ ದೊಡ್ಡ ಸಾಹೇಬರ ಮೇಜಿಗೆ ಹೋಯಿತು. ಸಾಹೇಬರು ಅದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಅಂದರೆ ಚಹಾದ ಲೋಟವನ್ನು ಅದರ ಮೇಲಿಟ್ಟರು, ಎತ್ತಿ ಒಂದು ಗುಟುಕು ಹೀರಿದರು, ತುಸು ಪಕ್ಕಕ್ಕೆ ಸರಿಸಿ ಮತ್ತೆ ಇಟ್ಟರು; ಲೋಟದ ಅಂಚಿನಿಂದ ಒಂದು ಹನಿ ಕೆಳಕ್ಕೆ ಇಳಿಯಿತು. ಕೊನೆಗೆ ಸಹಿ ಹಾಕಿದರು. ಅವರು ಹಾಕಿದ್ದಾರೆ ಅಂತ ಅವರ ಕೆಳಗಿನವರೆಲ್ಲ ಹಾಕಿದರು. ಪ್ರತಿಗಳನ್ನು ತೆಗೆದಾಗ ಚಹಾದ ಬಣ್ಣವೂ ಮಸಿಯ ಬಣ್ಣವೂ ಒಂದೇ ಆಗಿ ಕೂತವು.

ಪ್ರತಿ ಕೈಗೆ ಬಂದಾಗ ನಕ್ಷೆಗಾರ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ಹೊಸದೊಂದು ಜೋಡಿ ಸುತ್ತು! ಅದೂ ತನ್ನ ಸ್ವಂತ ಮನೆಯ ನಡುಮನೆಯ ಮೇಲೆ, ಹೆಂಡತಿ ಹೊಲಿಗೆ ಮಿಷನ್ ಇಟ್ಟುಕೊಂಡು ಅರ್ಧ ಬೀದಿಗೆ ಬಟ್ಟೆ ಹೊಲಿದುಕೊಡುವ ಜಾಗದಲ್ಲಿ. ಬಿದ್ದೆನೋ ಎದ್ದೆನೋ ಅಂತ ಸಾಹೇಬರ ಕೋಣೆಗೆ ಓಡಿದ.

“ಸಾರ್, ಇದು ಟ್ರಾನ್ಸ್‌ಫಾರ್ಮರ್ ಅಲ್ಲ. ಲೋಟದ ಗುರುತು.”

“ಯಾರ ಲೋಟ?”

ನಕ್ಷೆಗಾರ ಸಾಹೇಬರ ಕೈಯಲ್ಲಿದ್ದ ಲೋಟ ನೋಡಿದ, ಆಮೇಲೆ ಗೋಡೆ ನೋಡಿದ. “ಯಾರದೋ ಸಾರ್.”

“ನೋಡ್ರೀ, ಎಲ್ಲರೂ ಸಹಿ ಹಾಕಿದ್ದಾರೆ. ಲೋಟದ ಗುರುತು ಅಂದ್ರೆ, ಇಡೀ ಇಲಾಖೆ ಚಹಾದ ಕಲೆಗೆ ಅನುಮೋದನೆ ಕೊಟ್ಟಿದೆ ಅಂತಾಗುತ್ತೆ. ಅಂಥ ಇಲಾಖೆಯೇನ್ರೀ ನಮ್ದು?”

“ಛೆ ಛೆ, ಅಲ್ಲ ಸಾರ್.”

“ಅಲ್ಲ ಅಂದ್ಮೇಲೆ ಟ್ರಾನ್ಸ್‌ಫಾರ್ಮರೇ ಆಯ್ತಲ್ಲ.”

ಆದರೂ ಸಾಹೇಬರು ನ್ಯಾಯವಂತರು. ತಾಂತ್ರಿಕ ಸಮಿತಿಯೊಂದನ್ನು ನೇಮಿಸಿದರು. ಸಮಿತಿ ನಕ್ಷೆಯನ್ನು ಭೂತಗನ್ನಡಿಯಿಂದ ನೋಡಿ ವರದಿ ಕೊಟ್ಟಿತು: “ಸದರಿ ಎರಡನೇ ಟ್ರಾನ್ಸ್‌ಫಾರ್ಮರಿಗೆ ಒಳಬರುವ ಕೇಬಲ್ ಇಲ್ಲ, ಹೊರಹೋಗುವ ಕೇಬಲ್ಲೂ ಇಲ್ಲ. ಆದಕಾರಣ ಇದು ಅತ್ಯಂತ ಸುರಕ್ಷಿತವಾದುದು. ಸುತ್ತಿನಿಂದ ಕೆಳಕ್ಕೆ ಇಳಿದ ಗೆರೆ ಅರ್ಥಿಂಗ್ ತಂತಿಯಾಗಿದ್ದು, ವಿನ್ಯಾಸಕಾರರ ಮುಂದಾಲೋಚನೆ ಶ್ಲಾಘನೀಯ. ಸುತ್ತುಗಳು ಮಾರುಕಟ್ಟೆಯವಕ್ಕಿಂತ ದುಪ್ಪಟ್ಟು ದೊಡ್ಡವಿರುವುದರಿಂದ ಸಾಮರ್ಥ್ಯವೂ ದುಪ್ಪಟ್ಟಿರತಕ್ಕದ್ದು.”

ತನ್ನ ಸೇವೆಯಲ್ಲೇ ಮೊದಲ ಬಾರಿ ಶ್ಲಾಘನೆ ಪಡೆದ ನಕ್ಷೆಗಾರ ತಲೆ ತಗ್ಗಿಸಿಕೊಂಡು ಮನೆಗೆ ಹೋದ.

“ಅಲ್ಲಾ ರೀ, ಊರಿಗೆಲ್ಲ ನಕ್ಷೆ ಬರೀತೀರಿ, ಸ್ವಂತ ಮನೆ ಉಳಿಸ್ಕೊಳ್ಳೋಕೆ ಒಂದು ರಬ್ಬರ್ ಸಿಗ್ಲಿಲ್ವಾ ನಿಮ್ಗೆ?” ಅಂದಳು ಹೆಂಡತಿ.

“ಅನುಮೋದನೆ ಆದ್ಮೇಲೆ ರಬ್ಬರ್ ಮುಟ್ಟೋ ಹಾಗಿಲ್ಲ ಕಣೇ.”

“ಹಾಗಾದ್ರೆ ನನ್ನ ಮಿಷನ್ ಎಲ್ಲಿಡ್ಲಿ? ನಿಮ್ಮ ತಲೆ ಮೇಲಾ?” ಅಂದವಳಿಗೆ ಕೂಡಲೇ ಅಳು ಬಂತು. ಒಂದೊಂದೇ ಗಿರಾಕಿಯನ್ನು ಗಳಿಸಿಕೊಂಡು, ಒಬ್ಬರ ಹಂಗಿಲ್ಲದೆ ನಡೆಸಿಕೊಂಡು ಬಂದ ಕೆಲಸ ಅದು. ನಕ್ಷೆಗಾರನಿಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಆದರೆ ಹೊಟ್ಟೆ ಉರಿದರೆ ಯಾರಿಗೆ ತಿಳಿಸಬೇಕು ಅಂತ ನಿಯಮಾವಳಿಯಲ್ಲಿ ಇರಲಿಲ್ಲ.

ಕ್ರೇನ್ ಬಂತು. ಮುಂದಿನ ಗೋಡೆ ಹೋಯಿತು. ನಡುಮನೆಯಲ್ಲಿ ಕಾಂಕ್ರೀಟ್ ಕಟ್ಟೆ ಎದ್ದಿತು, ಸುತ್ತ ಜಲ್ಲಿ ಬಿತ್ತು, ಬೂದು ಬಣ್ಣದ ಟ್ರಾನ್ಸ್‌ಫಾರ್ಮರ್ ಹೊಸ ಅಳಿಯನ ಹಾಗೆ ಗಂಭೀರವಾಗಿ ಬಂದು ಕೂತಿತು. “ಅಕ್ಕಾ, ಸೋಫಾ ಆಚೆ ತಗೀರಿ, ನಾಲ್ಕೂ ಕಡೆ ಜಾಗ ಬಿಡ್ಬೇಕು,” ಅಂದ ಮೇಸ್ತ್ರಿ. ಬೇಲಿಗೆ ಅಪಾಯದ ಫಲಕ ನೇತುಹಾಕಿದ. ಹೊರಡುವಾಗ ಮನೆಯ ಕರೆಂಟನ್ನೂ ಕಿತ್ತುಕೊಂಡು ಹೋದ, ವಿದ್ಯುತ್ ಉಪಕೇಂದ್ರದ ಆವರಣದಲ್ಲಿ ಗೃಹಬಳಕೆಯ ಸಂಪರ್ಕ ಇರತಕ್ಕದ್ದಲ್ಲ ಅಂತ. ಹೀಗೆ ಬೀದಿಯಲ್ಲೇ ಅತಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಮನೆಯಲ್ಲಿ ಮಾತ್ರ ಕತ್ತಲಾಯಿತು. ಸಂಜೆ ನಕ್ಷೆಗಾರ ಹೆಲ್ಮೆಟ್ ಹಾಕಿಕೊಂಡು, ತನಗೆ ತಾನೇ ಪ್ರವೇಶದ ಪರವಾನಗಿ ಬರೆದುಕೊಂಡು ಊಟಕ್ಕೆ ಹೋಗತೊಡಗಿದ.

ಹೆಂಡತಿ ಮಾತ್ರ ಪರವಾನಗಿ ಗಿರವಾನಗಿ ಕೇಳುವವಳಲ್ಲ. ಮಿಷನ್ನನ್ನು ಕೈಗಾಡಿಗೆ ಹೇರಿಸಿ ನೇರ ಇಲಾಖೆಗೆ ತಂದಳು, ಗಂಡನ ಮೇಜಿನ ಪಕ್ಕ ಇಳಿಸಿ ಪ್ಲಗ್ ಹಾಕಿದಳು.

“ಏನಮ್ಮಾ ಇದು?” ಅಂದರು ಸಾಹೇಬರು.

“ಕರೆಂಟ್ ಕಿತ್ತವರು ನೀವು. ಕರೆಂಟ್ ಎಲ್ಲಿದ್ಯೋ ಅಲ್ಲಿ ಹೊಲೀತೀನಿ.”

ನಿಯಮಗಳನ್ನು ಜಾಲಾಡಿದರು. ಕಚೇರಿಯಲ್ಲಿ ರವಿಕೆ ಹೊಲಿಯಬಾರದು ಅಂತ ಎಲ್ಲೂ ಇರಲಿಲ್ಲ. ಇಲ್ಲದ ನಿಯಮವನ್ನು ಮೀರಲಾಗದು ಎಂದು ತೀರ್ಮಾನಿಸಿ, “ಹೊಲಿಗೆ ಘಟಕ (ತಾತ್ಕಾಲಿಕ)” ಅಂತ ಫಲಕ ಬರೆಸಿಕೊಟ್ಟರು. ಗಿರಾಕಿಗಳು ಅಲ್ಲಿಗೇ ಬರತೊಡಗಿದರು. ಹೇಳಿದ ದಿನಕ್ಕೆ ಕೆಲಸ ಮುಗಿಯುವ ಮೇಜೊಂದು ಇಲಾಖೆಯಲ್ಲಿದೆ ಎಂಬ ಸುದ್ದಿ ಹಬ್ಬಿ, ಮೀಟರ್ ಕೇಳಲು ಬಂದವರೂ ಬಟ್ಟೆ ಕೊಟ್ಟು ಹೋದರು.

ವರ್ಷದ ಕೊನೆಗೆ ಇಲಾಖೆಯ ಯಂತ್ರಗಳ ಪರಿಶೀಲನೆಯ ಫಲಿತಾಂಶ ಪ್ರಕಟವಾಯಿತು. ಒಮ್ಮೆಯೂ ಟ್ರಿಪ್ ಆಗದ, ಬಿಸಿಯಾಗದ, ಯಾರಿಂದಲೂ ದೂರು ಬಾರದ ಏಕೈಕ ಟ್ರಾನ್ಸ್‌ಫಾರ್ಮರ್ ಎಂದು ನಡುಮನೆಯದಕ್ಕೆ ರಾಜಧಾನಿಯ ಪ್ರಶಸ್ತಿ ಬಂತು. ಸ್ವೀಕರಿಸಲು ಹೋಗುವ ಸಾಹೇಬರಿಗೆ ಕೋಟು ಬೇಕಾಯಿತು. ತಾತ್ಕಾಲಿಕ ಘಟಕದ ಮುಂದೆ ಅಳತೆ ಕೊಡಲು ಎರಡೂ ಕೈ ಅಗಲಿಸಿ ನಿಂತರು.

“ಟ್ರಾನ್ಸ್‌ಫಾರ್ಮರ್ ಹೇಗಿದೆಯಮ್ಮಾ?”

“ಚೆನ್ನಾಗಿದೆ ಸಾರ್.”

“ಮತ್ತೆ ನೀವು ಮನೆಗೆ ಯಾವಾಗ ವಾಪಸ್?”

“ಯಾವ ಮನೆ ಸಾರ್? ನಿಮ್ಮ ನಕ್ಷೇಲಿ ಅಲ್ಲಿ ಮನೇನೇ ಇಲ್ವಲ್ಲ. ಉಸಿರು ಬಿಡಿ, ಹೊಟ್ಟೆ ಒಳಗೆ ಎಳ್ಕೋಬೇಡಿ.”

ಹೌದಲ್ಲ ಅಂದ ಸಾಹೇಬರು ಉಸಿರು ಬಿಟ್ಟರು. ಆಕೆ ಟೇಪು ಸುತ್ತಿ ಅಳತೆ ಕೂಗಿದಳು, ನಕ್ಷೆಗಾರ ಬರೆದುಕೊಂಡ.