ಹಳದಿ ದೀಪದ ಸೀಟು

ನೆನಪನ್ನು ನಾನು ಹೆಚ್ಚು ನಂಬುವುದಿಲ್ಲ. ನಾನು ಸೋತ ಕಡೆಯೆಲ್ಲ ಅದು ಪರಿಸ್ಥಿತಿಯನ್ನು ದೂರುತ್ತದೆ, ಗೆದ್ದ ಕಡೆಯೆಲ್ಲ ನನ್ನನ್ನು ಮುಂದೆ ನಿಲ್ಲಿಸಿ ಫೋಟೊ ತೆಗೆಯುತ್ತದೆ. ದಿನಚರಿ ಬರೆಯುವ ಅಭ್ಯಾಸವಿದ್ದೂ ಪ್ರಯೋಜನವಿಲ್ಲ, ಬರೆಯುವವಳೂ ನಾನೇ ತಾನೇ. ಆದ್ದರಿಂದ ನಾನು ಎಂಬೆಡೆಡ್ ಸಿಸ್ಟಮ್ ಕಲಿತ ಈ ಕಥೆಯಲ್ಲಿ ನನ್ನ ಜಾಣತನ ಬರುವ ಕಡೆ ನೀವೇ ಸ್ವಲ್ಪ ಕಡಿತ ಮಾಡಿಕೊಳ್ಳಬೇಕು.

ಎಂಬೆಡೆಡ್ ಸಿಸ್ಟಮ್ ಎಂದರೆ ಹೆದರುವಂಥದ್ದೇನಲ್ಲ. ವಾಷಿಂಗ್ ಮಷಿನ್, ಬೋರಿನ ಸ್ಟಾರ್ಟರ್ ಇಂಥವುಗಳ ಹೊಟ್ಟೆಯಲ್ಲಿ ಕೂತು, ಹೊರಗೆ ಏನಾಗುತ್ತಿದೆ ಎಂದು ತಿಳಿದು, ಏನು ಮಾಡಬೇಕೆಂದು ತೀರ್ಮಾನಿಸುವ ಪುಟ್ಟ ಕಂಪ್ಯೂಟರು. ತೀರ್ಮಾನಿಸುವುದು ನನಗೇ ಬರುವುದಿಲ್ಲ, ಯಂತ್ರಕ್ಕೆ ಎಲ್ಲಿಂದ ಕಲಿಸಲಿ? ಹೋದ ವರ್ಷ ಆ ಲ್ಯಾಬಿನಲ್ಲಿ ಫೇಲಾದೆ. ಈ ಸಲವೂ ಹೋದರೆ ಮುಂದಿನ ವರ್ಷ ನನ್ನ ಖಾಸಾ ತಂಗಿಯ ಬ್ಯಾಚಿನ ಜೊತೆ ಪರೀಕ್ಷೆ ಕೊಡಬೇಕು. ಅವಳಂತೂ ಊಟಕ್ಕೆ ಕೂತಾಗಲೆಲ್ಲ "ಅಕ್ಕಾ, ಕಾಳಜಿ ಮಾಡಬ್ಯಾಡ, ನನ್ನ ಬಾಜೂಕ ಜಾಗಾ ಹಿಡದಿಟ್ಟಿರ್ತೇನಿ" ಎನ್ನತೊಡಗಿದ್ದಳು.

ನನ್ನ ಲ್ಯಾಬ್ ಜೋಡಿ ಸವಿತಾ ಸಿಂದಗಿಯವಳು. ಅವಳೂ ನನ್ನಂತೆ ಫೇಲಾದವಳೇ. ನಾನು ಬಸವನ ಬಾಗೇವಾಡಿಯಿಂದ, ಅವಳು ಸಿಂದಗಿಯಿಂದ, ದಿನಾ ಬಸ್ಸಿನಲ್ಲಿ ನಿಂತು ಜಿಲ್ಲಾ ಕೇಂದ್ರದ ಕಾಲೇಜಿಗೆ ಬರುವವರು. ಲ್ಯಾಬಿನ ಮೇಡಂ, "ಗಿಡಕ್ಕ ನೀರ ಬಿಡೋ ಮಷೀನ್ ನೋಡಿ ನೋಡಿ ಸಾಕಾಗೇತಿ. ನಿಮಗೇನ್ ತ್ರಾಸ ಐತಿ, ಅದನ್ನ ತಗೊಂಡ ಬರ್ರಿ" ಎಂದಾಗ ನಮಗೆ ಯೋಚಿಸುವ ಕೆಲಸವೇ ಬೀಳಲಿಲ್ಲ. ಗುಜರಿ ಅಂಗಡಿಯಿಂದ ಬಸ್ಸಿನ ಹಳೆಯ ಸೀಟೊಂದನ್ನು ತಂದೆವು. ಅದರ ಕೆಳಗೆ ತೂಕ ತಿಳಿಯುವ ಸೆನ್ಸರ್, ಪಕ್ಕದಲ್ಲಿ ಆ ಪುಟ್ಟ ಕಂಪ್ಯೂಟರಿನ ಬೋರ್ಡು, ಬಸ್ಸಿನ ಬಾಗಿಲೆಂದುಕೊಂಡು ಲ್ಯಾಬಿನ ಬಾಗಿಲಲ್ಲಿ ದೀಪ. ಯಾರಾದರೂ ಕೂತರೆ ಕೆಂಪು, ಖಾಲಿ ಇದ್ದರೆ ಹಸಿರು. ಸವಿತಾ ಕೂತಳು, ಕೆಂಪು. ಎದ್ದಳು, ಹಸಿರು. ನಾವು ಗೆದ್ದಂತೆ ಕುಣಿದೆವು.

ಪರೀಕ್ಷೆ ತೆಗೆದುಕೊಳ್ಳಲು ಹೊರಗಿನಿಂದ ಬಂದ ಸರ್ ಮುದ್ದೇಬಿಹಾಳದವರು. ಬಿಸಿಲಿಗೆ ತಲೆಗೆ ಟವೆಲ್ ಸುತ್ತಿಕೊಂಡು, ಬೆವರುತ್ತ ಬಂದರು. ನಮ್ಮ ವಿವರಣೆಯನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿ, ತಲೆಯ ಟವೆಲ್ ಬಿಚ್ಚಿ ಅಲ್ಲಿಂದಲೇ ಸೀಟಿನ ಮೇಲೆ ಎಸೆದರು. ದೀಪ ಹಸಿರಾಗಿಯೇ ಇತ್ತು.

"ಏನವಾ, ನಾ ಸೀಟ್ ಹಿಡದೇನಿ. ನಿನ್ನ ಮಷೀನ್ ಖಾಲಿ ಐತಿ ಅಂತೈತಲ್ಲ?"

"ಸರ್, ಟವೆಲ್ಲಿಗೆ ಅಷ್ಟು ತೂಕ ಇರೂದಿಲ್ರಿ" ಎಂದಳು ಸವಿತಾ.

"ತೂಕ ಇಲ್ಲ ಖರೆ, ಮಾನ ಐತಿಲ್ಲೊ? ಇಂಥಾ ಮಷೀನ್ ಇಟ್ರ ಬಸ್ ಸ್ಟ್ಯಾಂಡಿನ್ಯಾಗ ಬಡದಾಟ ಆಗ್ತೈತಿ. ನಾ ಊಟಾ ಮಾಡಿ ಬರ್ತೇನಿ. ಅಷ್ಟರಾಗ ನನ್ನ ಸೀಟ್ ನನಗ ಉಳಿಸಿಕೊಡ್ರಿ. ಇಲ್ಲಾಂದ್ರ ಮುಂದಿನ ವರ್ಷ ಭೆಟ್ಟಿ ಆಗೂಣು."

ನನ್ನ ಕಣ್ಣ ಮುಂದೆ ತಂಗಿ ಸರಿದು ಕೂತು ಜಾಗ ಕೊಟ್ಟಳು.

ಎಷ್ಟು ತೂಕ ಬಿದ್ದರೆ ಲೆಕ್ಕಕ್ಕೆ ಹಿಡಿಯಬೇಕು ಎಂಬ ಮಿತಿಯನ್ನು ಇಳಿಸಿದೆವು. ಆಗ ಫ್ಯಾನಿನ ಗಾಳಿಗೂ ಕೆಂಪು, ಸೀಟಿಗೆ ಮೊಣಕೈ ತಾಗಿದರೂ ಕೆಂಪು. ಕೊನೆಗೆ ಹಗುರವಾದದ್ದೇನಾದರೂ ಅಲುಗಾಡದೆ ಸ್ವಲ್ಪ ಹೊತ್ತು ಬಿದ್ದಿದ್ದರೆ ಹಳದಿ ದೀಪ ಹತ್ತಲಿ ಎಂಬ ಉಪಾಯ ಹೊಳೆಯಿತು. ಹೊಳೆದದ್ದು ನನಗೆ ಎಂದು ನನ್ನ ನೆನಪು. ಸವಿತಾಳನ್ನು ಕೇಳಿದರೆ ಬೇರೆ ಹೇಳಿಯಾಳು. ಬಸ್ಸು ಹೊರಟಿತು ಎಂದು ತೋರಿಸಲು ಒಂದು ಸ್ವಿಚ್ಚನ್ನೂ ಸೇರಿಸಿದೆವು. ಅದನ್ನು ಒತ್ತಿದರೆ ಹಳದಿ ಹೋಗಿ ಹಸಿರು.

ಸರ್ ಬಂದು ಟವೆಲ್ ಎಸೆದರು. ನಾವು ದೀಪವನ್ನೇ ನೋಡುತ್ತ ನಿಂತೆವು. ಹಳದಿ ಹತ್ತಿತು.

"ಎಲ್ಲೀ ತನಕ ಇರ್ತೈತಿ ಇದು?"

"ಬಸ್ ಬಿಡೂ ತನಕ್ರಿ. ಆಮ್ಯಾಲ ಯಾರರೆ ಕುಂಡ್ರಬಹುದ್ರಿ" ಎಂದೆ.

"ಹಂಗಂತ ಯಾರ ಹೇಳ್ಯಾರ?"

"ಯಾರೂ ಹೇಳಿಲ್ರಿ ಸರ್. ಎಲ್ಲಾರಿಗೂ ಗೊತ್ತೈತ್ರಿ."

"ಮತ್ತ ಇಂಡಿ ಬಸ್ಸಿನ್ಯಾಗ ಲಿಂಬಿಹಣ್ಣಿನ ಚೀಲಾ ಇಟ್ರ? ಅದೂ ಮನಿಷ್ಯಾನ?"

"ಕಂಡಕ್ಟರ್ ಅದಕ್ಕೂ ಟಿಕೆಟ್ ಹರೀತಾನ್ರಿ ಸರ್" ಎಂದಳು ಸವಿತಾ. ಸರ್ ಜೋರಾಗಿ ನಕ್ಕು, ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡು, "ಪಾಸ್ ನಡೀರಿ" ಎಂದರು.

ಆ ಸಂಜೆ ಬಾಗೇವಾಡಿ ಬಸ್ಸು ಹತ್ತಿದಾಗ ಕಿಟಕಿ ಪಕ್ಕದ ಒಂದು ಸೀಟಿನ ಮೇಲೆ ಟವೆಲ್ ಬಿದ್ದಿತ್ತು. ಅದರ ಪಕ್ಕದ ಸೀಟಿನಲ್ಲಿ ವಯಸ್ಸಾದ ಆಯಿಯೊಬ್ಬರು ನಿದ್ದೆ ಹೋಗಿದ್ದರು. ಬಸ್ಸು ಹೊರಟಿತು. ನನ್ನದೇ ನಿಯಮದ ಪ್ರಕಾರ ಸೀಟು ಈಗ ಹಸಿರು. ಆದರೂ ನಾನು ಕಂಬ ಹಿಡಿದು ನಿಂತೆ. ನನ್ನ ಜೊತೆ ನಿಂತವರೂ ಟವೆಲ್ಲನ್ನೇ ನೋಡುತ್ತ ನಿಂತರು. ಮನಗೂಳಿ ಬಂದಾಗ ಆಯಿ ಎಚ್ಚರಗೊಂಡು, ಟವೆಲ್ ಎತ್ತಿ ಮುಖ ಒರೆಸಿಕೊಂಡರು.

"ಯಾಕವ್ವಾ ತಂಗಿ, ನಿಂತೇ ಬಂದಿ?"

"ಯಾರೋ ಸೀಟ್ ಹಿಡದಾರಂತ..."

"ಇದು ನಂದ ಅರಿವಿ. ಹಸಿ ಆಗಿತ್ತು, ಒಣಗಾಕ ಹಾಕಿದ್ದೆ."

ಅಯ್ಯೋ ಎಂದು ನಾನು ಪೇಚಾಡುತ್ತಿರುವಾಗಲೇ ಹಿಂದೆ ನಿಂತಿದ್ದವರೊಬ್ಬರು ನುಸುಳಿ ಕಿಟಕಿ ಪಕ್ಕ ಕೂತುಬಿಟ್ಟರು. ಬಸ್ಸು ಬಿಟ್ಟ ಮೇಲೆ ಯಾರಾದರೂ ಕೂರಬಹುದು ಎಂದು ಯಂತ್ರಕ್ಕೆ ಕಲಿಸಿದ್ದೇನೋ ನಿಜ. ಅದು ಒಂದೇ ದಿನಕ್ಕೆ ಕಲಿತುಕೊಂಡಿತು. ನನಗೆ ಇನ್ನೊಂದಷ್ಟು ಲ್ಯಾಬು ಬೇಕಾಗಬಹುದು.